ಹಸಿ ಸೋಗೆ, ಕಳೆ ಮಷಿನ್ನಿನ ಪೆಟ್ರೋಲು, ಸುಟ್ಟ ಹುಬ್ಬು: ಓದುಗರ ಪ್ರಶ್ನೆ, ಮಾಸ್ತರ ಉತ್ತರ

ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹಿತ್ತಿಲಲ್ಲಿ ಹಾಕೋ ಬೆಂಕಿ ಬಗ್ಗೇನೇ ಇದ್ವು. ಘಟ್ಟದ ಮೇಲೆ ಅಡಿಕೆ ಕೊಯ್ಲು ಮುಗಿದು ತೋಟ ಅಂಗಳ ಸ್ವಚ್ಛ ಮಾಡೋ ಸಮಯ, ಕೆಳಗೆ ತೆಂಗಿನ ಮಡ್ಲು ಸಿಪ್ಪೆ ರಾಶಿ ಬೀಳೋ ಸಮಯ, ಹಾಗಾಗಿ ಆಶ್ಚರ್ಯ ಏನಿಲ್ಲ. ಪುಟ ಪೂರ್ತಿ ಅದಕ್ಕೇ ಬಿಟ್ಟಿದೀನಿ, ಗೊಬ್ಬರದ ಪ್ರಶ್ನೆ ಕೇಳಿದವರು ಮುಂದಿನ ಸಂಚಿಕೆ ತನಕ ತಡ್ಕೊಳ್ಳಿ. ಹೆಸರು ಹಾಕಿಲ್ಲ, ಊರು ಮಾತ್ರ ಹಾಕಿದೀನಿ.

ಪ್ರಶ್ನೆ: ಮಾಸ್ತರೇ, ಅಡಿಕೆ ಮರದಿಂದ ಬಿದ್ದ ಹಸಿ ಸೋಗೆ, ಹಾಳೆ, ಜೊತೆಗೆ ಕಸ ಎಲ್ಲ ಸೇರಿದ ರಾಶಿಗೆ ಬೆಂಕಿ ಹತ್ತಲಿಲ್ಲ ಅಂತ ನಮ್ಮನೆಯವ್ರು ಕಳೆ ಹೊಡೆಯೋ ಮಷಿನ್ನಿಗೆ ಅಂತ ಇಟ್ಟಿದ್ದ ಪೆಟ್ರೋಲ್ ಅರ್ಧ ಲೀಟರಿನಷ್ಟು ಹೊಯ್ದು, ಬೆಂಕಿಪೊಟ್ಟಣ ಮರೆತಿದ್ರು ಅಂತ ಒಳಗೆ ಬಂದು, ವಾಪಸ್ ಹೋಗಿ ಕಡ್ಡಿ ಗೀರಿದ್ರು. ಇನ್ನೂ ರಾಶಿಯಿಂದ ನಾಲ್ಕು ಹೆಜ್ಜೆ ದೂರ ಇದ್ರು, ಕಡ್ಡಿ ಎಸೆದಿರಲಿಲ್ಲ, ಅಷ್ಟರಲ್ಲೇ ಧಬ್ ಅಂತ ಶಬ್ದ ಆಗಿ ಹುಬ್ಬು, ಮುಂಗೂದಲು, ಕೈ ಮೇಲಿನ ಕೂದಲು ಎಲ್ಲ ಹೋಯ್ತು. ಕಡ್ಡಿ ಹಾಕದೇ ಹೇಗೆ ಹತ್ತಿತು? ಪೆಟ್ರೋಲಿಗೆ 2ಟಿ ಆಯಿಲ್ ಮಿಕ್ಸ್ ಇತ್ತು, ಅದಕ್ಕೇ ಹೀಗಾಯ್ತಾ?
ಓದುಗರು, ಶಿರಸಿ

ಉತ್ತರ: ತಂಗೀ, ನಿಮ್ಮವರ ಕಣ್ಣು ತೋರಿಸ್ಕೊಂಡು ಬನ್ನಿ ಅಂತ ಫೋನಲ್ಲೇ ಹೇಳಿದ್ದೆ, ತೋರಿಸಿದ್ರಿ ಅಂದ್ಕೊಳ್ತೀನಿ. ಮೊದಲು ಆಯಿಲ್ ವಿಷ್ಯ ಮುಗಿಸಿಬಿಡೋಣ, ಅದರದ್ದು ಏನೂ ತಪ್ಪಿಲ್ಲ. ಆಯಿಲ್ ಹಾಕಿದ ಪೆಟ್ರೋಲ್ ಸ್ವಲ್ಪ ಮೆತ್ತಗೆ ಉರಿಯತ್ತೆ ಅಂತ ಕೆಲವರು ಧೈರ್ಯ ಮಾಡ್ತಾರೆ, ಅದೂ ಸುಳ್ಳು.

ಪೆಟ್ರೋಲ್ ಅನ್ನೋ ದ್ರವ ಉರಿಯೋದಿಲ್ಲ, ಅದರಿಂದ ಏಳೋ ಆವಿ ಗಾಳಿ ಜೊತೆ ಬೆರೆತು ಉರಿಯೋದು. ಈ ಒಂದು ವಿಷ್ಯ ತಲೆಗೆ ಹೋದ್ರೆ ಉಳಿದದ್ದೆಲ್ಲ ತಾನಾಗೇ ಅರ್ಥ ಆಗತ್ತೆ. ಎಷ್ಟು ಡಿಗ್ರಿಗೆ ಬಂದ್ರೆ ಒಂದು ಎಣ್ಣೆ ಮೇಲೆ ಹತ್ತಿಕೊಳ್ಳೋವಷ್ಟು ಆವಿ ಏಳತ್ತೋ ಅದಕ್ಕೆ ಫ್ಲ್ಯಾಶ್ ಪಾಯಿಂಟ್ ಅಂತಾರೆ, ಪೆಟ್ರೋಲಿಗೆ ಅದು ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗೆ. ಅಂದ್ರೆ ಶಿರಸಿಯಲ್ಲಿ ಎಂಥ ಚಳಿ ಬೆಳಿಗ್ಗೆ ಆದ್ರೂ, ಕ್ಯಾನಿನ ಮುಚ್ಚಳ ತೆಗೆದ ಕ್ಷಣದಿಂದ ಅದು ರೆಡಿ. ಮತ್ತೆ ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ, ಮೇಲೆ ಹೋಗಿ ಚದುರಿ ಹೋಗೋ ಜಾತಿಯದ್ದಲ್ಲ. ನಮ್ಮ ತೋಟಗಳೆಲ್ಲ ಕಣಿವೆ ತಗ್ಗಲ್ಲಿ ಇರೋದು, ಬೆಳಗಿನ ಮಂಜು ಹೇಗೆ ತಗ್ಗು ಹಿಡಿದು ನಿಲ್ಲತ್ತೋ ಹಾಗೆ ಇದೂ ನೆಲಕ್ಕೆ ಅಂಟಿಕೊಂಡು ಹರಡ್ತಾ ಹೋಗತ್ತೆ, ವ್ಯತ್ಯಾಸ ಎಂತ ಅಂದ್ರೆ ಇದು ಕಣ್ಣಿಗೆ ಕಾಣೋದಿಲ್ಲ.

ಈಗ ನಿಮ್ಮನೆಯವ್ರು ಬೆಂಕಿಪೊಟ್ಟಣಕ್ಕೆ ಒಳಗೆ ಬಂದ್ರಲ್ಲ, ಆ ಒಂದೆರಡು ನಿಮಿಷ ಇದೆಯಲ್ಲ, ಅದೇ ಎಡವಟ್ಟು. ಅಷ್ಟರಲ್ಲಿ ಪೆಟ್ರೋಲ್ ರಾಶಿ ಮೇಲೆ ಮಾತ್ರ ಇರಲಿಲ್ಲ, ಸುತ್ತ ನಾಲ್ಕೈದು ಹೆಜ್ಜೆ ಜಾಗದಲ್ಲೆಲ್ಲ ಇತ್ತು, ಅವರು ಕಡ್ಡಿ ಗೀರಿದ್ದು ಅದರ ನಡುವೆ ನಿಂತು. ಲೆಕ್ಕ ಬೇಕಾದ್ರೆ ನೋಡಿ: ಗಾಳಿಯಲ್ಲಿ ಪೆಟ್ರೋಲ್ ಆವಿ ನೂರಕ್ಕೆ 1.4 ಪಾಲು ಇದ್ರೆ ಸಾಕು ಹತ್ತಿಕೊಳ್ಳೋಕೆ. ಅರ್ಧ ಲೀಟರ್ ಪೂರ್ತಿ ಆವಿ ಆದ್ರೆ ಸುಮಾರು 6 ಸಾವಿರ ಲೀಟರ್ ಗಾಳಿಯನ್ನ ಉರಿಯೋ ಗಾಳಿ ಮಾಡಿಬಿಡತ್ತೆ, ಮನೆ ಮೇಲಿನ ಸಾವಿರ ಲೀಟರಿನ ನೀರಿನ ಟ್ಯಾಂಕು ಆರು ಸಾಲಾಗಿ ಇಟ್ರೆ ಎಷ್ಟೋ ಅಷ್ಟು. ಪೂರ್ತಿ ಆವಿ ಆಗೋದಿಲ್ಲ ಅನ್ನಿ, ಕಾಲು ಭಾಗ ಆದ್ರೂ ಮನುಷ್ಯನ ಸುತ್ತ ಸಾಕಾಗತ್ತೆ. ಆ ಧಬ್ ಶಬ್ದ ಅದೆಲ್ಲ ಒಂದೇ ಸಲ ಉರಿದದ್ದು. ಪಕ್ಕದಲ್ಲಿ ಬಾವಿ ಇದ್ದಿದ್ರೆ, ಬಚ್ಚಲ ನೀರು ಹೋಗೋ ಮೋರಿ ಇದ್ದಿದ್ರೆ ಅಲ್ಲಿಗೂ ಇಳಿದಿರತಿತ್ತು, ಅದನ್ನೂ ನೆನಪಿಡಿ.

ಇನ್ನೊಂದು, ಇದು ನಂಗೆ ಜಾಸ್ತಿ ಸಿಟ್ಟು ಬರಿಸೋ ವಿಷ್ಯ, ಇಷ್ಟೆಲ್ಲ ಮಾಡಿ ಆ ಸೋಗೆ ಉರೀತಾ? ಇಲ್ಲ ಅಂತ ನೀವೇ ಪತ್ರದ ಕೊನೆಗೆ ಬರೆದಿದೀರಿ, ಹೊರಗಿನ ಎಲೆ ಸುಟ್ಟು ಹೊಗೆ ಆಡ್ತಾ ಉಳೀತು ಅಂತ. ಉರಿಯೋದೂ ಇಲ್ಲ. ಹಸಿ ಸೋಗೆಯ ತೂಕದಲ್ಲಿ ಅರ್ಧಕ್ಕರ್ಧ ನೀರು. ಆ ನೀರು ಕುದ್ದು ಹೊರಗೆ ಹೋಗೋ ತನಕ ಅದು ಹತ್ತೋದಿಲ್ಲ, ಅದಕ್ಕೆ ನಿಧಾನಕ್ಕೆ ಕೆಳಗಿಂದ ಬಿಸಿ ಬೇಕು. ಪೆಟ್ರೋಲ್ ಮಾಡೋದೇನು, ಒಂದೆರಡು ನಿಮಿಷ ಭರ್ ಅಂತ ಉರಿದು ಬಿಸಿಯನ್ನೆಲ್ಲ ಆಕಾಶಕ್ಕೆ ಕಳಿಸಿ ಮುಗಿದು ಹೋಗತ್ತೆ. ಪೆಟ್ರೋಲ್ ಉರಿಯತ್ತೆ, ಸೋಗೆ ಉರಿಯೋದಿಲ್ಲ. ಆಮೇಲೆ ಜನ ಏನು ಮಾಡ್ತಾರೆ, ಆರಿತು ಅಂತ ಇನ್ನೊಂದು ಸಲ ಹೊಯ್ಯೋಕೆ ಹೋಗ್ತಾರೆ. ಜೀವ ಹೋಗೋ ಅಪಾಯ ಅಲ್ಲಿ, ಮೊದಲನೇ ಸಲಕ್ಕಿಂತ ಎರಡನೇ ಸಲ. ರಾಶಿ ಒಳಗೆ ಕೆಂಡ ಇರತ್ತೆ, ಹೊಯ್ದ ಧಾರೆ ಹತ್ತಿ ಬೆಂಕಿ ವಾಪಸ್ ಕೈಯಲ್ಲಿರೋ ಕ್ಯಾನಿಗೆ ಬರತ್ತೆ. ಸಣ್ಣ ಬಾಯಿಯ ಕ್ಯಾನ್, ಒಳಗೆ ಆವಿ ಗಾಳಿ ಎರಡೂ ಇದ್ದು ಅದು ಹತ್ತಿತು ಅಂದ್ರೆ ಒಳಗಿನ ಎಣ್ಣೆಯನ್ನ ಪಿಚಕಾರಿಯಿಂದ ಹೊಡೆದಂಗೆ ಉರಿಯುತ್ತಲೇ ಹೊರಗೆ ದಬ್ಬತ್ತೆ, ಹತ್ತಡಿ ಆಚೆ ನಿಂತು ನೋಡ್ತಾ ಇದ್ದ ಮಗುವಿಗೂ ತಾಗಬಹುದು. ಹೊಯ್ದವನು ಗಾಬರಿಯಲ್ಲಿ ಕ್ಯಾನ್ ಎಸೀತಾನೆ, ಅದು ತನ್ನ ಪಂಚೆ ಮೇಲೇ ಚೆಲ್ಲತ್ತೆ.

ಮತ್ತೆ ಆ ಸೋಗೆ ಹಾಳೆ ಸುಡೋದು ಯಾಕೆ ಅನ್ನೋದೂ ನಂಗೆ ಅರ್ಥ ಆಗೋದಿಲ್ಲ. ಒಂದು ಕಡೆ ಬೆಟ್ಟಕ್ಕೆ ಹೋಗಿ ದರಕು, ಅಂದ್ರೆ ಉದುರಿದ ಒಣ ಎಲೆ, ಗುಡಿಸಿ ಹೊತ್ತು ತಂದು ಕೊಟ್ಟಿಗೆಗೆ ಹಾಕ್ತೀವಿ, ಇನ್ನೊಂದು ಕಡೆ ಮನೆ ಬಾಗಿಲಿಗೇ ಬಂದ ಸೊಪ್ಪು ಸುಡ್ತೀವಿ. ಕೊಚ್ಚಿ ಅಡಿಕೆ ಬುಡಕ್ಕೆ ಮುಚ್ಚಿಗೆ ಮಾಡಿ, ಬೇಸಿಗೆಯಲ್ಲಿ ನೀರೂ ಉಳಿಯತ್ತೆ.

ಪ್ರಶ್ನೆ: ನಮ್ಮದು ದೋಣಿ ಮನೆ. ಚಿಮಣಿ ಎಣ್ಣೆ ಯಾವಾಗ್ಲೂ ಇರ್ತದೆ. ನಮ್ಮ ಅಜ್ಜ ಬಚ್ಚಲ ಒಲೆಗೆ, ಹಿತ್ತಿಲ ಕಸಕ್ಕೆ ಜನ್ಮ ಪೂರ್ತಿ ಅದನ್ನೇ ಹಾಕಿದ್ದು, ಏನೂ ಆಗ್ಲಿಲ್ಲ. ಮಗಳು ಕಾಲೇಜಿಗೆ ಹೋಗ್ತಾಳೆ, ಅವಳು ಬೇಡ ಅಂತ ಗಲಾಟೆ ಮಾಡ್ತಾಳೆ. ಚಿಮಣಿ ಎಣ್ಣೆ ಪೆಟ್ರೋಲಿನ ಹಾಗೆ ಅಲ್ಲ ಅಲ್ವಾ ಮಾಸ್ತರೇ?
ಓದುಗರು, ಕಾರವಾರ

ಉತ್ತರ: ಪೆಟ್ರೋಲಿನ ಹಾಗೆ ಅಲ್ಲ, ಸರಿ. ಆದ್ರೆ ಗಲಾಟೆಯಲ್ಲಿ ನಾನು ಮಗಳ ಕಡೆ.

ಚಿಮಣಿ ಎಣ್ಣೆ ಹತ್ತಿಕೊಳ್ಳೋವಷ್ಟು ಆವಿ ಬಿಡಬೇಕಾದ್ರೆ ಹೆಚ್ಚುಕಮ್ಮಿ 35ರಿಂದ 40 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ ಬಿಸಿ ಆಗಬೇಕು. ತಣ್ಣಗಿನ ಚಿಮಣಿ ಎಣ್ಣೆಗೆ ಕಡ್ಡಿ ಹಾಕಿದ್ರೆ ಆರಿದ್ರೂ ಆರೀತು, ಅಜ್ಜ ಬದುಕಿದ್ದು ಆ ಪುಣ್ಯದಿಂದ. ಆದ್ರೆ ಏಪ್ರಿಲ್ ಮೇ ತಿಂಗಳ ಮಧ್ಯಾಹ್ನ ಕಾರವಾರದಲ್ಲಿ ನೆರಳಲ್ಲೇ 33, 34 ಡಿಗ್ರಿ ಇರತ್ತೆ, ಬಿಸಿಲಲ್ಲಿ ದೋಣಿ ಪಕ್ಕ ಇಟ್ಟ ಡಬ್ಬಿಯೊಳಗಿನ ಎಣ್ಣೆ ಅದಕ್ಕಿಂತ ಎಷ್ಟೋ ಬಿಸಿ ಆಗಿರತ್ತೆ, ಆಗ ಅದಕ್ಕೂ ಪೆಟ್ರೋಲಿಗೂ ಅಂಥ ದೂರ ಉಳಿಯೋದಿಲ್ಲ.

ಎರಡನೇದು ದೋಣಿ ಮನೆಯವರಿಗೇ ಅಂತ ಹೇಳಬೇಕಾದ್ದು. ನಿಮ್ಮ ಔಟ್‌ಬೋರ್ಡ್ ಇಂಜಿನ್ನು ಸ್ಟಾರ್ಟ್ ಮಾಡೋದು ಪೆಟ್ರೋಲಲ್ಲಿ, ಬಿಸಿ ಆದ ಮೇಲೆ ಚಿಮಣಿ ಎಣ್ಣೆಗೆ ಬದಲಾಯಿಸೋದು. ಎರಡೂ ಒಂದೇ ಮೂಲೆಯಲ್ಲಿ, ಎಷ್ಟೋ ಸಲ ಒಂದೇ ನಮೂನೆ ಕ್ಯಾನಲ್ಲಿ, ಒಂದೇ ಆಲಿಕೆಯಲ್ಲಿ. ಪೆಟ್ರೋಲ್ ತಳದಲ್ಲಿ ಸ್ವಲ್ಪ ಉಳಿದ ಕ್ಯಾನಿಗೆ ಚಿಮಣಿ ಎಣ್ಣೆ ತುಂಬಿದ್ರೆ ನೋಡೋಕೆ ವಾಸನೆಗೆ ಚಿಮಣಿ ಎಣ್ಣೆಯೇ, ಬೆಂಕಿ ಹತ್ರ ಹೋದಾಗ ಗುಣ ಪೆಟ್ರೋಲಿಂದು. ಸ್ವಲ್ಪ ಪೆಟ್ರೋಲ್ ಸೇರಿದ್ರೂ ಹತ್ತೋ ಡಿಗ್ರಿ ಧಡಾರನೆ ಕೆಳಗೆ ಬರತ್ತೆ. ಅಜ್ಜನ ಕಾಲದಲ್ಲಿ ಹುಟ್ಟು ಹಾಕೋ ದೋಣಿ, ಮನೆಯಲ್ಲಿ ಪೆಟ್ರೋಲ್ ಇರಲಿಲ್ಲ. ಈಗ ನಿಮ್ಮ ಡಬ್ಬಿಯಲ್ಲಿ ಇರೋದು ಶುದ್ಧ ಅಂತ ನೀವೇ ಖಾತ್ರಿ ಹೇಳೋಕೆ ಆಗೋದಿಲ್ಲ.

ಮೂರನೇದು ಬಚ್ಚಲ ಒಲೆ. ಬೆಳಿಗ್ಗೆ ಹಂಡೆ ನೀರು ಕಾಯಿಸಿ ಒಲೆ ಆರಿದೆ ಅಂತ ಕಾಣತ್ತೆ, ಮೇಲೆ ಬೂದಿ, ಅಡಿಯಲ್ಲಿ ಕೆಂಡ. ಅದರ ಮೇಲೆ ಎಣ್ಣೆ ಹೊಯ್ದ್ರೆ ತಕ್ಷಣ ಹತ್ತೋದಿಲ್ಲ, ಬೆಳ್ಳಗೆ ಹೊಗೆ ಏಳತ್ತೆ. ಅದು ಹೊಗೆ ಅಂದ್ಕೊಂಡು ಜನ ಬಗ್ಗಿ ಊದುಗೊಳವೆ ಹಿಡೀತಾರೆ. ಅದು ಹೊಗೆ ಅಲ್ಲ, ಎಣ್ಣೆಯ ಆವಿ, ಸಣ್ಣ ಬಚ್ಚಲ ಕೋಣೆ ತುಂಬ. ಎಲ್ಲೋ ಒಂದು ಕೆಂಡ ಗಾಳಿ ತಾಗಿ ಕೆಂಪಾಯ್ತು ಅಂದ್ರೆ ಒಟ್ಟಿಗೇ ಮುಖಕ್ಕೆ ಬರತ್ತೆ. ಇಲ್ಲಿ ಒಂದು ವಿಚಿತ್ರ ಇದೆ, ಕಿಡಿ ಇಲ್ಲದೇ ಬರೀ ಬಿಸಿಗೇ ತಾನಾಗೇ ಹತ್ತಿಕೊಳ್ಳೋ ವಿಷ್ಯದಲ್ಲಿ ಚಿಮಣಿ ಎಣ್ಣೆ ಪೆಟ್ರೋಲಿಗಿಂತ ಮುಂದೆ, ಅದಕ್ಕೆ 210, 220 ಡಿಗ್ರಿ ಸಾಕು, ಪೆಟ್ರೋಲಿಗೆ 250 ದಾಟಬೇಕು. ಒಲೆಯ ಕೆಂಡ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಇರತ್ತೆ. ಹಾಗಾಗಿ ಬೆಂಕಿ ಒಂದು ಸಲ ಹತ್ತಿದ ಜಾಗಕ್ಕೆ, ಆರಿದ ಹಾಗೆ ಕಂಡ್ರೂ ಸರಿ, ಯಾವ ಎಣ್ಣೆನೂ ಹೊಯ್ಯಬೇಡಿ. ಅಜ್ಜನಿಗೆ ಹೇಳೋಕೆ ಧೈರ್ಯ ಇಲ್ಲದಿದ್ರೆ ಈ ಪುಟ ಓದಿ ಹೇಳಿ.

ಪ್ರಶ್ನೆ: ಡೀಸೆಲ್ ಹಾಕಬಹುದಾ ಸರ್? ಟಿಲ್ಲರಿಂದ ತೆಗೆದ ಹಳೇ ಇಂಜಿನ್ ಆಯಿಲ್?
ಓದುಗರು, ಮುಂಡಗೋಡ

ಉತ್ತರ: ಡೀಸೆಲ್ ಚಿಮಣಿ ಎಣ್ಣೆಯ ಅಣ್ಣ, ಮೇಲಿನ ಮಾತೆಲ್ಲ ಅದಕ್ಕೂ ಅನ್ವಯ. ಹಳೇ ಆಯಿಲ್ ಅಷ್ಟು ಬೇಗ ಹತ್ತೋದಿಲ್ಲ, ಆದ್ರೆ ಅದರ ಹೊಗೆ ಕುಡಿಯೋ ನಿಮ್ಮ ಶ್ವಾಸಕೋಶಕ್ಕೂ ಕೆಳಗಿನ ಬಾವಿಗೂ ಅದು ಒಳ್ಳೇದಲ್ಲ. ಗ್ಯಾರೇಜಿನವರು ತಗೋತಾರೆ, ಕೊಟ್ಟು ಬಿಡಿ.

ಪ್ರಶ್ನೆ: ಮನೆಗೆ ಪೇಂಟ್ ಮಾಡಿಸಿದ್ವಿ, ಮೂರು ಲೀಟರ್ ಥಿನ್ನರ್ ಉಳಿದಿದೆ. ಕೊರೊನಾ ಸಮಯದ ಸ್ಯಾನಿಟೈಜರ್ ಕ್ಯಾನ್ ಬೇರೆ ಇದೆ. ಹಾಳಾಗೋ ಬದ್ಲು ಗೆರಟೆ ಹೊತ್ತಿಸೋಕೆ ಬಳಸಿದ್ರೆ ಆಗ್ಲಿಕ್ಕಿಲ್ವಾ?
ಓದುಗರು, ಹೊನ್ನಾವರ

ಉತ್ತರ: ಆಗೋದಿಲ್ಲ. ಥಿನ್ನರಿನಲ್ಲಿ ಇರೋದು ಟಾಲ್ವೀನ್, ಅಸಿಟೋನ್ ಇಂಥವು, ಪೆಟ್ರೋಲಿನ ಹಾಗೇ ತಣ್ಣಗಿದ್ದಾಗಲೇ ಆವಿ ಬಿಡೋವು. ಅದರ ಬಗ್ಗೆ ಜನಕ್ಕೆ ವಾಸನೆಯಿಂದಲಾದ್ರೂ ಭಯ ಇರತ್ತೆ. ಸ್ಯಾನಿಟೈಜರ್ ಬಗ್ಗೆ ಭಯಾನೇ ಇಲ್ಲ, ಕೈಗೆ ಹಚ್ಚಿಕೊಂಡದ್ದಲ್ವಾ ಅಂತ, ಅದಕ್ಕೇ ಸ್ವಲ್ಪ ಉದ್ದ ಹೇಳ್ತೀನಿ.

ಸ್ಯಾನಿಟೈಜರ್ ಅಂದ್ರೆ ಬಹುಪಾಲು ಸ್ಪಿರಿಟ್ಟು. ಅದರ ಜ್ವಾಲೆ ತಿಳಿ ನೀಲಿ, ಹಗಲು ಬಿಸಿಲಲ್ಲಿ ಕಾಣೋದೇ ಇಲ್ಲ. ಉರೀತಾ ಇದ್ರೂ ಆರಿದೆ ಅಂದ್ಕೊಂಡು ಜನ ಬಾಟಲಿ ಬಗ್ಗಿಸ್ತಾರೆ. ಇನ್ನೂ ಕೆಟ್ಟದ್ದು ಬಾಟಲಿ ಒಳಗಿಂದು. ಮುಚ್ಚಿದ ಪೆಟ್ರೋಲ್ ಕ್ಯಾನಿನ ಒಳಗೆ ಸಾಮಾನ್ಯವಾಗಿ ಆವಿ ಎಷ್ಟು ದಟ್ಟ ಇರತ್ತೆ ಅಂದ್ರೆ ಅಲ್ಲಿ ಉರಿಯೋಕೆ ಗಾಳಿ ಸಾಲೋದಿಲ್ಲ, ನೂರಕ್ಕೆ ಏಳೆಂಟು ಪಾಲು ದಾಟಿದ್ರೆ ಪೆಟ್ರೋಲ್ ಆವಿ ಉರಿಯೋದಿಲ್ಲ, ಮೇಲೆ ಹೇಳಿದ ಪಿಚಕಾರಿ ಆಗೋದು ಕ್ಯಾನ್ ಖಾಲಿ ಆಗ್ತಾ ಬಂದು ಗಾಳಿ ಒಳಗೆ ಹೋದಾಗ. ಸ್ಪಿರಿಟಿಗೆ ಆ ಅಡ್ಡಿಯೂ ಇಲ್ಲ. ಅದು ನೂರಕ್ಕೆ 3.3ರಿಂದ 19 ಪಾಲಿನ ತನಕ ಉರಿಯತ್ತೆ, ನಮ್ಮ ಕರಾವಳಿ ಸೆಖೆಯಲ್ಲಿ ಬಾಟಲಿಯೊಳಗಿನ ಖಾಲಿ ಜಾಗದಲ್ಲಿ ಇರೋದು ಸರಿಯಾಗಿ ಆ ನಡುವಿನಷ್ಟೇ. ಅಂದ್ರೆ ಅರ್ಧ ಬಾಟಲಿ ಸ್ಪಿರಿಟ್ ಯಾವಾಗ್ಲೂ ಹತ್ತೋಕೆ ತಯಾರಾಗಿ ಕೂತಿರತ್ತೆ. ನಾನು ಕೆಮಿಸ್ಟ್ರಿ ಪಾಠ ಮಾಡ್ತಿದ್ದಾಗ ಲ್ಯಾಬಲ್ಲಿ ಸ್ಪಿರಿಟ್ ದೀಪ ಆರಿಸಿ, ಅದು ತಣ್ಣಗಾದ ಮೇಲೇ ಸ್ಪಿರಿಟ್ ತುಂಬಬೇಕು ಅನ್ನೋದಕ್ಕೆ ಹುಡುಗರ ಕಿವಿ ಹಿಂಡತಿದ್ದದ್ದು ಇದಕ್ಕೇ.

ಥಿನ್ನರ್ ಪೇಂಟಿಂಗ್ ಮಾಡೋರಿಗೆ ಕೊಡಿ, ಖುಷಿಯಿಂದ ಒಯ್ತಾರೆ. ಸ್ಯಾನಿಟೈಜರ್ ಕಿಟಕಿ ಗಾಜು ಒರೆಸೋಕೆ ಖರ್ಚು ಮಾಡಿ, ಅಡುಗೆ ಮನೆ ಒಲೆ ಉರಿಯದಿರೋ ಹೊತ್ತಲ್ಲಿ. ಮತ್ತೆ ಖಾಲಿ ಸ್ಪ್ರೇ ಡಬ್ಬಿ, ಸೊಳ್ಳೆ ಹೊಡೆಯೋ ಕ್ಯಾನು, ಹಳೇ ಮೊಬೈಲ್ ಬ್ಯಾಟರಿ ಇವೆಲ್ಲ ಕಸದ ಜೊತೆ ಬೆಂಕಿಗೆ ಹೋಗದ ಹಾಗೆ ನೋಡ್ಕೊಳ್ಳಿ, ಸಿಡೀತವೆ.

ಪ್ರಶ್ನೆ: ಹೇಳೋದು ಸುಲಭ ಮಾಸ್ತರೇ. ಆಷಾಢದಲ್ಲಿ ನಮ್ಮಲ್ಲಿ ಕಟ್ಟಿಗೆ ಮನೆಯ ಕಟ್ಟಿಗೆಗೂ ಬೂಸಲು ಬರ್ತದೆ. ಎಣ್ಣೆ ಹಾಕದೇ ಬಚ್ಚಲ ಒಲೆ ಹೊತ್ತಿಸೋದು ಹೇಗೆ, ಬಂದು ತೋರಿಸಿ.
ಓದುಗರು, ಯಲ್ಲಾಪುರ

ಉತ್ತರ: ಬರ್ತೀನಿ ಮಾರಾಯ್ರೇ, ತೊಡದೇವು ಮಾಡಿಸಿ ಇಡಿ. ಅಲ್ಲೀತನಕ ಹೀಗೆ ಮಾಡಿ.

ಕಟ್ಟಿಗೆ ಹೊರಗೆ ಒದ್ದೆ ಇದ್ರೂ ಒಳಗೆ ಒಣಗಿರತ್ತೆ, ವರ್ಷ ಇಟ್ಟ ಕಟ್ಟಿಗೆ ಆದ್ರೆ. ಹಾಗಾಗಿ ದಪ್ಪ ಕುಂಟೆ ಇಟ್ಟು ಅದಕ್ಕೆ ಬೆಂಕಿ ಕೊಡೋ ಬದ್ಲು ಕತ್ತಿ ಹಿಡಿದು ಅದರ ಒಳಗಿಂದ ಬೆರಳು ದಪ್ಪದ ಸೀಳು ತೆಗೀರಿ. ನಮ್ಮಲ್ಲಿ ಇದಕ್ಕೆ ಅಡಿಕೆ ಮರ ಸೀಳಿದ ದಬ್ಬೆಯಷ್ಟು ಒಳ್ಳೇದು ಇನ್ನೊಂದಿಲ್ಲ, ಒಣಗಿದ ದಬ್ಬೆ ಸೀಳಿ ಒಂದು ಕಟ್ಟು ಒಲೆ ಮೇಲಿನ ಅಟ್ಟದಲ್ಲಿ ಇಟ್ಟರೆ ಮಳೆಗಾಲ ಪೂರ್ತಿ ಬರತ್ತೆ. ಒಣಗಿದ ಅಡಿಕೆ ಸಿಪ್ಪೆ, ತೆಂಗಿನ ಸಿಪ್ಪೆಯ ನಾರು ಬಿಡಿಸಿದ್ದು, ಗೆರಟೆ ಚೂರು, ಹಾಳೆ ತುಂಡು, ಇವಿಷ್ಟನ್ನ ಮೇ ತಿಂಗಳಲ್ಲೇ ಗೋಣಿಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಸೇರಿಸಿ. ಒಲೆಯ ಹೊಗೆ ಬಿಸಿ ತಾಗ್ತಾ ಇರೋ ಜಾಗದಲ್ಲಿ ಬೂಸಲು ಬರೋದಿಲ್ಲ, ಹಳಬರು ಅಟ್ಟ ಮಾಡಿದ್ದು ಅಂದಕ್ಕಲ್ಲ. ಈಗ ಅಟ್ಟ ಕಿತ್ತು ಟೈಲ್ಸ್ ಹಾಕಿದ ಮನೆಯವರೇ ಎಣ್ಣೆ ಕೇಳೋದು, ಅದು ನಾನು ನೋಡಿದ ಮಟ್ಟಿಗೆ.

ಹೊತ್ತಿಸೋಕೆ ಕರ್ಪೂರದ ಬಿಲ್ಲೆ ಒಂದೋ ಎರಡೋ ಸಾಕು, ಅದೂ ಉರಿಯೋ ಸಾಮಾನೇ, ಆದ್ರೆ ಗಟ್ಟಿ ಪದಾರ್ಥ, ಹರಿಯೋದಿಲ್ಲ, ಚೆಲ್ಲೋದಿಲ್ಲ, ಅಂಗಳ ತುಂಬ ಆವಿ ಬಿಡೋದಿಲ್ಲ. ಇಲ್ಲಾಂದ್ರೆ ದೇವರ ಮನೆಯ ಹಳೇ ಬತ್ತಿ, ಕೊಬ್ಬರಿ ಎಣ್ಣೆ ಜಿಡ್ಡು ಹಿಡಿದ ಅರಿವೆ ಚೂರು. ಇದನ್ನ ಅಡಿಗೆ ಇಡಿ, ಮೇಲೆ ನಾರು, ಅದರ ಮೇಲೆ ದಬ್ಬೆ ಸೀಳು ಸಂದು ಬಿಟ್ಟು ಅಡ್ಡಡ್ಡ, ಗಾಳಿ ಆಡಬೇಕು. ಹೊಗೆ ಜಾಸ್ತಿ ಬಂತು ಅಂದ್ರೆ ಗಾಳಿ ಸಾಲದು ಅಂತ ಅರ್ಥ, ಎಣ್ಣೆ ಸಾಲದು ಅಂತ ಅಲ್ಲ, ಆಗ ಊದುಗೊಳವೆ. ಸೀಳು ಚೆನ್ನಾಗಿ ಹತ್ತಿದ ಮೇಲೆ ಒಂದು ದಪ್ಪ ಕಟ್ಟಿಗೆ, ಇನ್ನೊಂದು ಒಲೆ ಪಕ್ಕ ಬಿಸಿಗೆ ಒರಗಿಸಿ ಇಡಿ, ಸರದಿಗೆ ಒಣಗ್ತಾ ಇರತ್ತೆ. ಎಲ್ಲ ಸೇರಿ ಹತ್ತು ನಿಮಿಷದ ಕೆಲಸ. ಎಣ್ಣೆ ಹಾಕಿದವರಿಗೂ ಅಷ್ಟೇ ಆಗತ್ತೆ ಅಂತ ನನ್ನ ಅಂದಾಜು, ಎರಡು ಸಲ ಆರತ್ತಲ್ಲ.

ಪ್ರಶ್ನೆ: ಬಟ್ಟೆಗೆ ಬೆಂಕಿ ಹತ್ತಿದ್ರೆ ಕೂಡ್ಲೇ ಏನು ಮಾಡಬೇಕು? ಸುಟ್ಟ ಗಾಯಕ್ಕೆ ನಮ್ಮತ್ತೆ ಟೂತ್‌ಪೇಸ್ಟ್ ಹಚ್ತಾರೆ, ಅಮ್ಮ ಬಾಳೆ ಎಲೆ ಅಂತಾರೆ, ಪಕ್ಕದ ಮನೆಯವ್ರು ಇಂಕ್ ಅಂತಾರೆ. ಯಾವುದು ಸರಿ?
ಓದುಗರು, ಭಟ್ಕಳ

ಉತ್ತರ: ನೀರು. ಮೊದಲು ನೀರು, ಆಮೇಲೂ ನೀರು.

ಬಟ್ಟೆ ಹತ್ತಿದವರು ಓಡಬಾರದು, ಓಡಿದಷ್ಟೂ ಗಾಳಿ ಸಿಕ್ಕಿ ಉರಿ ಮುಖಕ್ಕೆ ಏರತ್ತೆ. ಹಿಡಿದು ನೆಲಕ್ಕೆ ಮಲಗಿಸಿ ಉರುಳಿಸಿ. ಕೊಟ್ಟಿಗೆಯಲ್ಲಿ, ಮಳೆಗಾಲಕ್ಕೆ ಅಂತ ಇಟ್ಟ ಉಣ್ಣೆ ಕಂಬಳಿ ಇದ್ರೆ ಅದನ್ನ ಹೊದೆಸಿ, ಉಣ್ಣೆ ಸುಲಭಕ್ಕೆ ಹತ್ತೋದಿಲ್ಲ, ಕರಗೋದೂ ಇಲ್ಲ. ಪಾಲಿಸ್ಟರ್ ಬ್ಲಾಂಕೆಟ್ ಬೇಡ. ಅದೇ ಕಾರಣಕ್ಕೆ ನೈಲಾನ್ ನೈಟಿ, ಟ್ರ್ಯಾಕ್ ಪ್ಯಾಂಟ್ ಹಾಕ್ಕೊಂಡು ಒಲೆ ಮುಂದೆ ಕೂರಬೇಡಿ, ಅದು ಕರಗಿ ಚರ್ಮಕ್ಕೆ ಅಂಟತ್ತೆ. ಪೆಟ್ರೋಲ್ ಚೆಲ್ಲಿದ ಬಟ್ಟೆಯಂತೂ ಬೆಂಕಿ ಕಡೆ ಹೋಗೋ ಮುಂಚೆನೇ ಬದಲಾಯಿಸಬೇಕು, ಒಣಗಿತು ಅನ್ನೋದು ನಂಬಬೇಡಿ.

ಉರಿ ಆರಿದ ಮೇಲೆ ಸುಟ್ಟ ಜಾಗವನ್ನ ಹರಿಯೋ ತಣ್ಣೀರಿನ ಕೆಳಗೆ 20 ನಿಮಿಷ ಹಿಡೀಬೇಕು. ಗಡಿಯಾರ ನೋಡಿ 20 ನಿಮಿಷ, ಜನ ಎರಡು ನಿಮಿಷಕ್ಕೆ ಬಿಡ್ತಾರೆ. ಬಾವಿ ನೀರು ಕೊಡದಿಂದ ಹೊಯ್ತಾ ಇದ್ರೂ ಆಗತ್ತೆ. ಮೇಲಿನ ಬೆಂಕಿ ಆರಿದ್ರೂ ಚರ್ಮದ ಒಳಗಿನ ಬಿಸಿ ಕೆಳಗೆ ಇಳೀತಾ ಇರತ್ತೆ, ಅದನ್ನ ನಿಲ್ಲಿಸೋದು ಈ ನೀರು. ತಡ ಆಯ್ತು ಅಂತ ಬಿಡಬೇಡಿ, ಸುಟ್ಟು ಮೂರು ತಾಸಿನ ಒಳಗೆ ಮಾಡಿದ್ರೂ ಉಪಯೋಗ ಇದೆ. ಐಸ್ ಮಾತ್ರ ಬೇಡ. ಮಕ್ಕಳು, ಮುದುಕರು, ಮೈ ಜಾಸ್ತಿ ಸುಟ್ಟವರು ಚಳಿಗೆ ನಡುಗೋಕೆ ಶುರು ಮಾಡಿದ್ರೆ ನಿಲ್ಲಿಸಿ ಉಳಿದ ಮೈ ಹೊದೆಸಿ. ಬಳೆ, ಉಂಗುರ, ಕಾಲುಂಗುರ, ವಾಚು ಬಾವು ಬರೋ ಮೊದಲೇ ತೆಗೀರಿ, ಆಮೇಲೆ ಕತ್ತರಿಸಬೇಕಾಗತ್ತೆ. ಅಂಟಿದ ಬಟ್ಟೆ ಎಳೀಬೇಡಿ, ಬೊಕ್ಕೆ ಒಡೀಬೇಡಿ.

ಟೂತ್‌ಪೇಸ್ಟು, ಇಂಕು, ಅರಿಶಿನ, ಬೆಣ್ಣೆ ಎಲ್ಲ ಬಿಸಿಯನ್ನ ಒಳಗೇ ಕಟ್ಟಿ ಹಾಕತ್ತೆ, ಮೇಲಿಂದ ನಂಜು, ಅಲ್ಲದೇ ಡಾಕ್ಟರಿಗೆ ಗಾಯ ಎಷ್ಟು ಆಳ ಅಂತ ನೋಡೋಕೆ ಮೊದಲು ಅದನ್ನೆಲ್ಲ ಉಜ್ಜಿ ತೆಗೀಬೇಕು, ಆ ನೋವು ಬೇರೆ. ಬಾಳೆ ಎಲೆ ವಿಷ್ಯದಲ್ಲಿ ನಿಮ್ಮಮ್ಮ ಪೂರ್ತಿ ತಪ್ಪಲ್ಲ, ಗಾಯಕ್ಕೆ ಅಂಟೋದಿಲ್ಲ ಅಂತ ಕ್ರಿಮಿ ಸತ್ತ ಹಾಗೆ ತಯಾರು ಮಾಡಿ ಆಸ್ಪತ್ರೆಗಳಲ್ಲೂ ಬಳಸಿದ್ದಿದೆ, ಆದ್ರೆ ಹಿತ್ತಿಲಿಂದ ಕೊಯ್ದು ಹಾಗೇ ಹಾಕೋದಲ್ಲ ಅದು. ಮನೆಯಲ್ಲಿ ತೊಳೆದು ಇಸ್ತ್ರಿ ಮಾಡಿಟ್ಟ ಬಿಳಿ ಪಂಚೆ ತುಂಡು ಮೇಲೆ ಸಡಿಲ ಮುಚ್ಚಿ ಕರ್ಕೊಂಡು ಹೋಗಿ.

ಯಾವಾಗ ಹೋಗ್ಲೇಬೇಕು ಅಂದ್ರೆ, ಸುಟ್ಟವರ ಅಂಗೈಗಿಂತ ದೊಡ್ಡ ಗಾಯ, ಮುಖ, ಕೈ, ಪಾದ, ಕೀಲು, ಗುಪ್ತ ಜಾಗ, ಮತ್ತೆ ಮಕ್ಕಳದ್ದು ಎಷ್ಟೇ ಸಣ್ಣದಾದ್ರೂ. ಟಿಟಿ ಇಂಜೆಕ್ಷನ್ ಕೇಳಿ. ಪೆಟ್ರೋಲ್ ಭಗ್ ಅಂದು ಮುಖಕ್ಕೆ ಬಂದಿದ್ರೆ, ಮೂಗಿನ ಕೂದಲು ಸುಟ್ಟಿದ್ರೆ, ಧ್ವನಿ ಗೊಗ್ಗರಾಗಿದ್ರೆ, ಹೊರಗೆ ಏನೂ ಕಾಣದಿದ್ರೂ ತಕ್ಷಣ ಹೋಗಿ, ಬಿಸಿ ಗಾಳಿ ಒಳಗೆ ಹೋಗಿ ಗಂಟಲು ತಾಸುಗಳ ಮೇಲೆ ಬಾವು ಬಂದು ಉಸಿರು ಕಟ್ಟಬಹುದು. ನಮ್ಮ ಉತ್ತರ ಕನ್ನಡ ಜಿಲ್ಲೆಯವರಿಗೆ ಇದನ್ನ ಒತ್ತಿ ಹೇಳೋಕೆ ಕಾರಣ ಇದೆ. ಇಲ್ಲೊಂದು ಮಲ್ಟಿ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಜಿಲ್ಲೆ ಪೂರ್ತಿ ಕೂಗಿದ್ದು ನೆನಪಿದೆಯಲ್ಲ, ಜೋರು ಸುಟ್ಟವರನ್ನ ಶಿರಸಿ ಕಡೆಯವರು ಹುಬ್ಬಳ್ಳಿಗೆ, ಭಟ್ಕಳದವರು ಮಣಿಪಾಲ ಮಂಗಳೂರಿಗೆ, ಕಾರವಾರದವರು ಗೋವಾಕ್ಕೆ ಒಯ್ಯೋದು. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರ್ ಹತ್ರ. 108ಕ್ಕೆ ಬೇಗ ಫೋನ್ ಮಾಡಿದಷ್ಟೂ ಒಳ್ಳೇದು, ಆದ್ರೆ ಆಂಬುಲೆನ್ಸ್ ಬರೋ ತನಕ ಆ 20 ನಿಮಿಷದ ನೀರು ನಿಮ್ಮ ಕೈಯಲ್ಲೇ ಇರೋ ಚಿಕಿತ್ಸೆ.

ಪ್ರಶ್ನೆ: ನಾನು ಬೀಚ್ ಹತ್ರ ಹೋಮ್‌ಸ್ಟೇಯಲ್ಲಿ ಕೆಲಸ ಮಾಡೋದು. ಗೆಸ್ಟುಗಳು ಕ್ಯಾಂಪ್‌ಫೈರ್ ಕೇಳ್ತಾರೆ, ಜೋರಾಗಿ ಉರೀಬೇಕು ಅಂತ, ವಿಡಿಯೋ ಮಾಡೋಕೆ. ಮಾಲೀಕರು ಪೆಟ್ರೋಲ್ ಹಾಕು ಅಂತಾರೆ. ಭಯ ಆಗ್ತದೆ, ಏನು ಹೇಳಲಿ?
ಓದುಗರು, ಗೋಕರ್ಣ

ಉತ್ತರ: ತಮ್ಮಾ, ಆಗೋದಿಲ್ಲ ಅಂತ ಹೇಳು. ಕುಡಿದು ಸುತ್ತ ಕೂತ ಹತ್ತು ಜನ, ಕತ್ತಲು, ಕೈಯಲ್ಲಿ ಪೆಟ್ರೋಲ್ ಬಾಟಲಿ, ಆಮೇಲೆ ಪೊಲೀಸ್ ಕೇಸಲ್ಲಿ ಬರೋದು ಹೊಯ್ದವನ ಹೆಸರು, ವಿಡಿಯೋ ಮಾಡಿದವನದ್ದಲ್ಲ. ಜೋರು ಉರಿಯೇ ಬೇಕು ಅಂದ್ರೆ ಒಣಗಿದ ತೆಂಗಿನ ಗರಿ ಎರಡು ಹಾಕು, ಆಳೆತ್ತರ ಏಳತ್ತೆ, ದೂರ ಕೂರಿಸು. ಗಾಳಿ ಗಿಡದ (ಸರ್ವೆ ಮರದ) ತೋಪಿನಿಂದ ಚೆನ್ನಾಗಿ ದೂರ ಇರ್ಲಿ, ಕೆಳಗೆ ಬಿದ್ದ ಆ ಸೂಜಿ ಎಲೆ ಬೇಗ ಹತ್ತತ್ತೆ. ಸಂಜೆ ಸಮುದ್ರದಿಂದ ಬೀಸ್ತಿದ್ದ ಗಾಳಿ ರಾತ್ರಿ ತಿರುಗಿ ದಡದ ಕಡೆಯಿಂದ ಬೀಸತ್ತೆ, ಆಗ ಕಿಡಿ ಇನ್ನೊಂದು ದಿಕ್ಕಿಗೆ ಹಾರತ್ತೆ.

ಮತ್ತೆ ಎದ್ದು ಹೋಗೋವಾಗ ಮರಳು ಮುಚ್ಚಿ ಹೋಗ್ತೀರಲ್ಲ, ಅದು ಮಾಡಬೇಡಿ. ಮರಳಿನ ಕೆಳಗೆ ಕೆಂಡ ಬೆಳಗಿನ ತನಕ ಬಿಸಿ ಹಿಡಿದು ಇರತ್ತೆ, ಮೇಲೆ ನೋಡಿದ್ರೆ ಬರೀ ಮರಳು, ಬರಿಗಾಲಲ್ಲಿ ಓಡಿ ಬರೋ ಮಗು ಅಲ್ಲೇ ಕಾಲಿಡತ್ತೆ. ಕೊಡಗಟ್ಟಲೆ ನೀರು ಹೊಯ್ದು, ಕೆದಕಿ, ಮತ್ತೆ ಹೊಯ್ದು, ಕೈ ಇಟ್ಟು ನೋಡೋವಷ್ಟು ತಣ್ಣಗಾದ ಮೇಲೆ ಹೋಗಬೇಕು.

ಪ್ರಶ್ನೆ: ಪೆಟ್ರೋಲ್ ಬೆಂಕಿಗೆ ನೀರು ಹಾಕಬಾರದು ಅಂತಾರೆ, ನಿಜವಾ? ಮತ್ತೆ ನಮ್ಮ ಹಿತ್ತಿಲಿಗೆ ತಾಗಿಯೇ ಬೆಟ್ಟ, ಕಸ ಸುಡೋವಾಗ ಏನು ಜಾಗ್ರತೆ?
ಓದುಗರು, ಸಿದ್ದಾಪುರ

ಉತ್ತರ: ನಿಜ. ಪೆಟ್ರೋಲ್ ನೀರಿಗಿಂತ ಹಗುರ, ತೇಲಿಕೊಂಡು ಉರೀತಾನೇ ಹರಡತ್ತೆ. ಮರಳು, ಒಣ ಮಣ್ಣು ಎಸೀರಿ, ಇಲ್ಲಾ ಒದ್ದೆ ಗೋಣಿ ಮುಚ್ಚಿ. ಬರೀ ಎಲೆ ಕಟ್ಟಿಗೆ ಬೆಂಕಿಗೆ ನೀರೇ ಸರಿ.

ಬೆಟ್ಟದ ವಿಷ್ಯ: ಫೆಬ್ರವರಿಯಿಂದ ಮೇ ತನಕ, ದರಕು ಗರಿಗರಿ ಆಗಿರೋ ಹೊತ್ತಲ್ಲಿ, ಬೆಟ್ಟದ ಅಂಚಲ್ಲಿ ಸುಡಲೇಬೇಡಿ ಅನ್ನೋದು ನನ್ನ ಅಭಿಪ್ರಾಯ. ಸುಡಲೇಬೇಕಾದ್ರೆ ಇಬ್ಬನಿ ಇನ್ನೂ ಇರೋ ಬೆಳಿಗ್ಗೆ, ಸುತ್ತ ಮಣ್ಣು ಕಾಣೋ ಹಾಗೆ ಒಂದು ಮಾರು ಅಗಲ ಗುಡಿಸಿ, ಸಣ್ಣ ಸಣ್ಣ ರಾಶಿ, ನೀರು ಮತ್ತೆ ಹಸಿ ಸೊಪ್ಪಿನ ಟೊಂಗೆ ಪಕ್ಕದಲ್ಲಿ ಇಟ್ಕೊಂಡು. ಮಧ್ಯಾಹ್ನ ಆಯ್ತು ಅಂದ್ರೆ ಗಾಳಿ ಎದ್ದು ಬಿಡತ್ತೆ, ಇಳಿಜಾರಲ್ಲಿ ಬೆಂಕಿ ಮೇಲ್ಮುಖ ಓಡೋ ವೇಗಕ್ಕೆ ಮನುಷ್ಯ ಓಡೋದು ಕಷ್ಟ. ಕೈ ಮೀರಿತು ಅಂದ್ರೆ ಮರ್ಯಾದೆ ನೋಡಬೇಡಿ, 112ಕ್ಕೋ 101ಕ್ಕೋ ಫೋನ್ ಮಾಡಿ, ಫಾರೆಸ್ಟಿನವರಿಗೂ ತಿಳಿಸಿ. ಕಾಡಿಗೆ ಬೆಂಕಿ ಬಿದ್ರೆ ಕೇಸು ಆಗತ್ತೆ ಅಂತ ಹೆದರಿ ಸುಮ್ಮನಿದ್ದು ಇನ್ನೂ ನಾಲ್ಕು ಎಕರೆ ಸುಟ್ಟ ಮೇಲೆ ಕೇಸು ಸಣ್ಣದಾಗೋದಿಲ್ಲ.

ಪ್ರಶ್ನೆ: ಕಳೆ ಮಷಿನ್ನು, ಔಷಧಿ ಹೊಡೆಯೋ ಪಂಪು ಎರಡಕ್ಕೂ ಪೆಟ್ರೋಲ್ ಮನೆಯಲ್ಲಿ ಇಡಲೇಬೇಕು. ನೀರಿನ ಬಾಟಲಿಯಲ್ಲಿ ಇಡ್ತೀವಿ, ತಪ್ಪಾ? ಚಿಕ್ಕ ಮಕ್ಕಳಿದ್ದಾರೆ.
ಓದುಗರು, ಅಂಕೋಲಾ

ಉತ್ತರ: ತಪ್ಪು, ಅದೂ ಮಕ್ಕಳಿರೋ ಮನೆಯಲ್ಲಿ ದೊಡ್ಡ ತಪ್ಪು. ನೀರಿನ, ಜ್ಯೂಸಿನ ಬಾಟಲಿ ಅಂದ್ರೆ ಮಕ್ಕಳು ಕುಡಿಯೋದೇ. ಕುಡಿದ ಮಗುವಿಗೆ ಉಪ್ಪು ನೀರು ಕುಡಿಸಿ, ಬೆರಳು ಹಾಕಿ ವಾಂತಿ ಮಾಡಿಸೋದು ನಮ್ಮಲ್ಲಿ ರೂಢಿ, ಪೆಟ್ರೋಲ್, ಚಿಮಣಿ ಎಣ್ಣೆ ಕುಡಿದಾಗ ಅದನ್ನ ಮಾಡಲೇಬಾರದು, ವಾಂತಿ ಆಗೋವಾಗ ಎಣ್ಣೆ ಶ್ವಾಸಕೋಶಕ್ಕೆ ಇಳೀತು ಅಂದ್ರೆ ಹೊಟ್ಟೆಗೆ ಹೋದದ್ದಕ್ಕಿಂತ ಅಪಾಯ. ಏನೂ ಕುಡಿಸದೇ, ಬಾಟಲಿ ಸಮೇತ ಸೀದಾ ಆಸ್ಪತ್ರೆಗೆ.

ಇಡೋದಕ್ಕೆ ಪೆಟ್ರೋಲಿಗೆ ಅಂತಲೇ ಮಾಡಿದ ಗಟ್ಟಿ ಮುಚ್ಚಳದ ಕ್ಯಾನು ತಗೊಳ್ಳಿ, ಮೇಲೆ ಪೇಂಟಲ್ಲಿ ಪೆಟ್ರೋಲ್ ಅಂತ ಬರೀರಿ, ವಾರಕ್ಕೆ ಬೇಕಾದಷ್ಟೇ ತನ್ನಿ. ಮನೆ ಒಳಗೆ ಬೇಡ, ಬಚ್ಚಲ ಒಲೆಯ ಮಗ್ಗುಲಿಗಂತೂ ಬೇಡ, ಇನ್ವರ್ಟರ್, ಫ್ರಿಜ್ಜು ಇರೋ ಕೋಣೆಯಲ್ಲೂ ಬೇಡ, ಅವುಗಳ ಸ್ವಿಚ್ಚಿನ ಕಿಡಿ ಸಾಕು. ಗಾಳಿ ಆಡೋ ಮಾಡಿನ ಕೆಳಗೆ, ನೆರಳಲ್ಲಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರಕ್ಕೆ ಚಿಲಕ ಹಾಕಿದ ಗೂಡಲ್ಲಿ. ಮಷಿನ್ನಿಗೆ ತುಂಬೋದು ಅದು ತಣ್ಣಗಾದ ಮೇಲೆ, ಬಯಲಲ್ಲಿ, ಬೀಡಿ ಇಲ್ಲದೇ. ಕೆಲಸದವರ ಕೈಗೆ ಕ್ಯಾನ್ ಕೊಡೋವಾಗ ಮಿಕ್ಕಿದ್ದು ವಾಪಸ್ ಬರಬೇಕು ಅಂತ ಹೇಳಿ ಕೊಡಿ, ತೋಟದ ಮೂಲೆಯ ಕಸಕ್ಕೆ ಅದು ಹೋಗೋದು ಹೆಚ್ಚಾಗಿ ಹಾಗೇನೇ.